ಏಳು ಮಿಸ್ಡ್ ಕಾಲ್

ಒಂದು ನಿಮಿಷ ನಿಲ್ಲಿ, ಇದನ್ನು ಪೂರ್ತಿ ಕೇಳಿಯೇ ಹೋಗಿ. ಅರ್ಧ ಕೇಳಿ ಎದ್ದರೆ ಶೋಧನ್ ಸುಳ್ಳುಗಾರ ಅನ್ನಿಸುತ್ತಾನೆ, ಮುಕ್ಕಾಲು ಕೇಳಿ ಎದ್ದರೆ ಪಾಪದವನು ಅನ್ನಿಸುತ್ತಾನೆ. ಎರಡೂ ಸರಿಯಲ್ಲ, ಅಥವಾ ಎರಡೂ ಸರಿ, ಅದು ಅವನಿಗೇ ಗೊತ್ತಾಗುತ್ತಿಲ್ಲ. ಅವತ್ತು ಬುಧವಾರ, ಮೂಡುಬಿದಿರೆಯ ಈಜುಕೊಳಕ್ಕೆ ವಾರದ ರಜೆ, ಅಲ್ಲಿ ಮಕ್ಕಳಿಗೆ ಈಜು ಕಲಿಸುವ ಶೋಧನನಿಗೂ ರಜೆ. ಬಂಟ್ವಾಳ ಪೇಟೆಯ ಹಿಂದಿನ ಓಣಿಯಲ್ಲಿರುವ ಮನೆಯಲ್ಲಿ ಅವನು ಎಚ್ಚರವಾಗಿಯೂ ಏಳದೆ ಮಲಗಿದ್ದ. ಗೋಡೆಯ ಮೇಲೆ ನೇತ್ರಾವತಿ ಜುಲೈಯಲ್ಲಿ ಒಳಗೆ ಬಂದು ಹೋದ ಗುರುತು ಇನ್ನೂ ಇತ್ತು, ಮೊಣಕಾಲಿನಷ್ಟು ಎತ್ತರಕ್ಕೆ ಒಂದು ಕಂದು ಗೆರೆ. ಆ ಗೆರೆಯನ್ನು ನೋಡಬಾರದು ಎಂದು ಅವನು ಪ್ರತಿದಿನ ಗೋಡೆಗೆ ಬೆನ್ನು ಹಾಕಿ ಮಲಗುತ್ತಿದ್ದ, ಬೆಳಗಾಗುವಾಗ ಹೇಗೋ ಅದರ ಕಡೆಗೇ ತಿರುಗಿರುತ್ತಿದ್ದ. ಎಂಟು ಗಂಟೆಗೆ ಓಣಿಯ ತುದಿಯಿಂದ ಪೋಂ ಪೋಂ ಎಂದು ಮೀನಿನ ಸ್ಕೂಟರಿನ ಹಾರ್ನ್ ಕೇಳಿಸಿತು. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಸಮುದ್ರಕ್ಕೆ ಇಳಿದ ಮೊದಲ ವಾರ ಅದು. ಹಾರ್ನ್ ಕೂಡ ಹಬ್ಬದಂತೆ ಕೇಳುತ್ತಿತ್ತು. ಒಳಗಿನಿಂದ ಅಮ್ಮನ ಚಪ್ಪಲಿಯ ಸದ್ದು ಗೇಟಿನ ಕಡೆಗೆ ಹೋಯಿತು.

"ಶಶಿಯಕ್ಕಾ, ಬಂಗುಡೆ! ಮೊಟ್ಟೆ ಬಂಗುಡೆ! ನಿನ್ನೆ ರಾತ್ರಿ ಬಂದ ಬೋಟಿದ್ದು," ಇಬ್ರಾಹಿಂ ಖಲೀಲನ ದನಿ.

"ರಾತ್ರಿ ಬಂದದ್ದಾ, ಮೊನ್ನೆ ಬಂದದ್ದಾ? ಕಿವಿರು ಎತ್ತು, ನೋಡುವ."

"ನೀವು ನೋಡುವುದೇ ಬೇಡ ಅಕ್ಕ. ಕಿವಿರು ನೋಡ್ಲಿಕ್ಕೆ ನನಗೆ ಕಲಿಸಿದ್ದೇ ನೀವು. ನಿಮಗೇ ಮೋಸ ಮಾಡ್ಲಿಕ್ಕೆ ಆಗ್ತದಾ?"

"ಮಾಡಿದ್ದಿ. ಹೋದ ವರ್ಷದ ಆ ಮಾಂಜಿ ಮೀನು ಮರೆತಿಲ್ಲ ನಾನು."

"ಅಯ್ಯೋ, ಅದೊಂದು ಸತ್ತರೂ ಬಿಡುವುದಿಲ್ಲ ಇವರು," ಖಲೀಲ್ ನಕ್ಕ. ಆಮೇಲೆ ದನಿ ಇಳಿಸಿದ, ಆದರೂ ಕಿಟಕಿಯಿಂದ ಕೇಳಿಸಿತು. "ಅಕ್ಕ, ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ನೀವು ತಿನ್ನದ ಮೀನನ್ನು ನಿಮಗೆ ಮಾರ್ಲಿಕ್ಕೆ ನನಗೆ ಒಂಥರಾ ಆಗ್ತದೆ."

"ನಾನು ತಿನ್ನದಿದ್ದರೆ ಏನು, ನನ್ನ ಮಗ ತಿನ್ನುವುದಿಲ್ವಾ? ಅವನು ಇರುವುದಕ್ಕೇ ಅಲ್ವಾ ನಾನು ಬಿಟ್ಟದ್ದು. ಎಂಟು ಹಾಕು. ಇವತ್ತು ಬೆಳ್ತಂಗಡಿಯಿಂದ ಅವನ ದೋಸ್ತಿ ಜಿತೇಶ್ ಊಟಕ್ಕೆ ಬರ್ತಾನೆ."

ಶೋಧನ್ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ. ಇಪ್ಪತ್ತೇಳು ವರ್ಷದ ಗಂಡಸು ಅಮ್ಮ ಮೀನು ಕೊಳ್ಳುವುದನ್ನು ಕೇಳಲಾರದೆ ಹೊದಿಕೆಯೊಳಗೆ ಅಡಗುವುದು! ಅಪ್ಪ ತೀರಿಕೊಂಡ ವರ್ಷದಲ್ಲೂ ಅಮ್ಮ ಹದಿಮೂರನೆಯ ದಿನ ಕಳೆದ ಮೇಲೆ ಮೊದಲು ಕೇಳಿದ್ದು ಒಂದು ತುಂಡು ಹುರಿದ ಮೀನು. ಕೇಳಿ ನಾಚಿಕೆಯಾಗಿ ಅತ್ತದ್ದು, ಅಳುತ್ತಲೇ ತಿಂದದ್ದು ಅವನಿಗೆ ನೆನಪಿದೆ. ಮೀನು ಇಲ್ಲದ ದಿನ ಅವಳು ಅನ್ನಕ್ಕೆ ನೀರು ಹಾಕಿಕೊಂಡು, ಒಣ ಸಿಗಡಿಯ ಚಟ್ನಿ ನೆಕ್ಕಿಕೊಂಡು ಎದ್ದುಬಿಡುತ್ತಿದ್ದಳು. ಈಗ ಮೂರು ವಾರದಿಂದ ಹೆಸರುಕಾಳು, ತೊಂಡೆಕಾಯಿ, ಬರೀ ಸಾರು. ಅವನು ಮರುಭೂಮಿಯಿಂದ ಜೀವಂತವಾಗಿ ಬಂದರೆ ಇನ್ನು ಸಾಯುವವರೆಗೆ ಮೀನು ಮುಟ್ಟುವುದಿಲ್ಲ ಎಂದು ಅವಳು ಪೊಳಲಿಯ ದೇವಿಗೆ ಹೇಳಿಕೊಂಡಿದ್ದಳು. ಅವನು ಬಂದ. ಬರದೆ ಏನು? ಅವನು ಅಪಾಯದಲ್ಲೇ ಇರಲಿಲ್ಲ.

ಇರಲಿಲ್ಲವೇ? ಅಲ್ಲಿಂದಲೇ ತಲೆ ಗೊಜ್ಜಾಗುವುದು. ಅಪಾಯ ಎಂದರೆ ಯಾವುದು? ಒಮಾನಿನಲ್ಲಿ ಮರುಭೂಮಿ ಸಮುದ್ರಕ್ಕೆ ಬಂದು ಮುಗಿಯುವ ಒಂದು ಜಾಗ. ಮಸ್ಕತ್ತಿನಿಂದ ಆರು ಗಂಟೆಯ ದಾರಿ, ಕೊನೆಯ ಎರಡು ಗಂಟೆ ದಾರಿಯೇ ಇಲ್ಲ. ಬಂಡೆಯದೊಂದು ಮೂತಿ ನೀರಿಗೆ ಚಾಚಿಕೊಂಡಿದೆ. ಅದರ ತುದಿಗೆ ಅಲೆ ಬಂದು ತಾಗಿ, ಅಲ್ಲಿಂದ ಬದಿಗೆ ಒಂದೇ ಸಮನೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ, ಹಾಸಿಗೆ ಸುತ್ತಿಟ್ಟದ್ದನ್ನು ಯಾರೋ ಒದ್ದು ಉರುಳಿಸಿದ ಹಾಗೆ. ಊರಿನ ಸಸಿಹಿತ್ಲು ಕಡಲಿನ ಅಲೆಯಲ್ಲಿ ಸರ್ಫಿಂಗ್ ಬೋರ್ಡಿನ ಮೇಲೆ ಎದ್ದು ನಿಂತರೆ ಎಂಟು ಸೆಕೆಂಡು, ಒಂಬತ್ತು ಸೆಕೆಂಡು. ಇಲ್ಲಿ ಒಂದು ನಿಮಿಷ! ಒಂದು ನಿಮಿಷ ನೀರಿನ ಗೋಡೆಯ ಮೇಲೆ ನಿಂತೇ ಇರುವುದು ಎಂದರೆ ಏನೆಂದು ನಿಂತವನಿಗೆ ಮಾತ್ರ ಗೊತ್ತು. ಎರಡು ವರ್ಷ ಕೂಡಿಟ್ಟ ದುಡ್ಡು, ಸೆಕೆಂಡ್ ಹ್ಯಾಂಡ್ ಬೋರ್ಡು, ಅತಿ ಅಗ್ಗದ ಟಿಕೆಟ್, ಬಾಡಿಗೆ ಕೋಣೆಯ ಬದಲು ಒಂದು ಟೆಂಟು. ಫರಂಗಿಪೇಟೆಯ ಅಶ್ರಫ್ ಮಸ್ಕತ್ತಿನ ಸಿಮೆಂಟ್ ಅಂಗಡಿಯಲ್ಲಿದ್ದಾನೆ, ಶಾಲೆಯಲ್ಲಿ ಒಟ್ಟಿಗೆ ಇದ್ದವನು. ಪೆಟ್ರೋಲ್ ಹಾಕಿಸಿದರೆ ಸಾಕು ಎಂದು ಹಳೆಯ ಪಿಕಪ್ ತಂದ. ಊಟಕ್ಕೆ ಅವಲಕ್ಕಿ, ಖುಬೂಸ್ ರೊಟ್ಟಿ, ಅಮ್ಮ ಕಟ್ಟಿಕೊಟ್ಟ ಸಿಗಡಿ ಚಟ್ನಿ. ಒಂಟೆಗಳು ದೂರದಲ್ಲಿ ನಿಂತು ಈ ಮೂವರನ್ನು ನೋಡುತ್ತಿದ್ದವು. ಜಿತೇಶ ಮೊದಲ ಅಲೆಯಲ್ಲೇ ಬಿದ್ದು ಎದ್ದು, "ಮಾರಾಯಾ, ಇದು ನೀರಲ್ಲ, ಎಸ್ಕಲೇಟರ್!" ಎಂದು ಕೂಗಿದ್ದ.

ಮೊದಲ ಸಂಜೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿದ್ದು ಶೋಧನ್ ಒಬ್ಬನೇ. ಜಿತೇಶನಿಗೆ ಕಾಲು ಸೆಳೆತ, ಅಶ್ರಫ್ ಗಾಡಿಯ ನೆರಳಿನಲ್ಲಿ ಗೊರಕೆ. ನೋಡಿ ಬಂದು ಹೇಳುತ್ತೇನೆ, ಸಿಗ್ನಲ್ ಸಿಕ್ಕಿದರೆ ಎಲ್ಲರೂ ಹೋಗುವ ಎಂದು ಹೋದ. ಬೋಳು ಗುಡ್ಡದ ತುದಿಯಲ್ಲಿ ಫೋನು ಎರಡು ಕಡ್ಡಿ ತೋರಿಸಿತು. ತೋರಿಸಿ, ಕೈಯಲ್ಲೇ ನಡುಗಿತು. ಅಮ್ಮ, ಏಳು ಮಿಸ್ಡ್ ಕಾಲ್. ಅಮ್ಮ ಸುಮ್ಮನೆ ಏಳು ಸಲ ಮಾಡುವವಳಲ್ಲ. ಒಂದು ಸಲ ಮಾಡಿ, ಮಗ ಕೆಲಸದಲ್ಲಿರಬೇಕು ಎಂದು ಸುಮ್ಮನಾಗುವವಳು. ಊರಲ್ಲಿ ಮಳೆ, ನದಿ ಏರುತ್ತಿರಬೇಕು, ಅವನಿಗೆ ಆಗಲೇ ಗೊತ್ತಾಯಿತು. ಬಂಟ್ವಾಳದವರಿಗೆ ಜುಲೈಯ ಏಳು ಮಿಸ್ಡ್ ಕಾಲ್ ಎಂದರೆ ಬೇರೆ ಅರ್ಥವಿಲ್ಲ. ಹಿಂದೆ ಕರೆ ಮಾಡಿದರೆ ಅವಳು ಹೇಳುತ್ತಾಳೆ, ಹೇಳಿದ ಮೇಲೆ ಇಲ್ಲಿ ಇರಲಿಕ್ಕಾಗುವುದಿಲ್ಲ, ಹೋಗಬೇಕಾಗುತ್ತದೆ. ಕೆಳಗೆ ಬಂಡೆಯ ಮೂತಿಯ ಸುತ್ತ ಅಲೆಗಳು ಒಂದರ ಹಿಂದೆ ಒಂದು, ಬಿಳಿ ಗೆರೆ ಎಳೆಯುತ್ತಾ, ಯಾರೂ ಇಲ್ಲದೆ, ಪುಕ್ಕಟೆ ಹೋಗುತ್ತಿದ್ದವು. ಇನ್ನೂ ಮೂರು ದಿನ ಇಂಥದೇ ಅಲೆ ಎಂದು ಫೋನೇ ತೋರಿಸುತ್ತಿತ್ತು. ಅವನು ಯೋಚಿಸಿ ಮಾಡಿದ್ದೇ ಅಲ್ಲ, ಹೆಬ್ಬೆರಳು ಬದಿಯ ಗುಂಡಿಯನ್ನು ಒತ್ತಿ ಹಿಡಿಯಿತು. ಪರದೆ ಕಪ್ಪಾಯಿತು. ಕೆಳಗೆ ಇಳಿದು ಬಂದು, "ಎಂತದೂ ಇಲ್ಲ ಮಾರಾಯ, ಒಂದು ಕಡ್ಡಿಯೂ ಇಲ್ಲ" ಎಂದ. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂತು. ಅದನ್ನು ಅವನು ಯಾರಿಗೆ ಹೇಳಬೇಕು?

ನಾಲ್ಕು ದಿನ ಕಳೆದು ಮಸ್ಕತ್ತಿನ ಹತ್ತಿರ ಬರುವಾಗ ಫೋನು ಆನ್ ಮಾಡಿದರೆ ನಲವತ್ತಮೂರು ಮಿಸ್ಡ್ ಕಾಲ್. ಕೈ ಬೆವರಿ ಪರದೆಯೇ ಒಪ್ಪುತ್ತಿರಲಿಲ್ಲ. ಅಮ್ಮನ ದನಿ ಕೇಳಿದ ಕೂಡಲೇ ಬಾಯಿಯಿಂದ ಬಂದದ್ದು, ಗಾಡಿ ಮರಳಿನಲ್ಲಿ ಹೂತು ಹೋಯಿತು ಅಮ್ಮ, ನಾಲ್ಕು ದಿನ ಸಿಕ್ಕಿಹಾಕಿಕೊಂಡೆವು, ನೀರು ಮುಗಿಯುತ್ತಾ ಬಂದಿತ್ತು. ಯಾಕೆ ನೀರಿನ ವಿಷಯವನ್ನೂ ಸೇರಿಸಿದನೋ! ಅಮ್ಮ, "ದೇವಿ ಕೈಬಿಡಲಿಲ್ಲ ಮಗಾ, ನನಗೆ ಗೊತ್ತಿತ್ತು," ಎಂದಳು. ಮನೆಯೊಳಗೆ ನೀರು ಬಂದದ್ದನ್ನು ಅವಳು ಹೇಳಲೇ ಇಲ್ಲ. ಅದನ್ನು ಹೇಳಿದ್ದು ಖಲೀಲ್, ಶೋಧನ್ ಊರಿಗೆ ಬಂದ ಮರುದಿನ. "ಫ್ರಿಜ್ ನಾನೇ ಎತ್ತಿದ್ದು ಮಾರಾಯ್ರೇ, ಅಕ್ಕ ಮಾತ್ರ ನೀರಲ್ಲಿ ನಿಂತು ಫೋನೇ ಒತ್ತುತ್ತಿದ್ದರು. ಮೊದಲ ದಿನ, ನೀರು ಬಂತು ಏನು ಮಾಡ್ಲಿ ಅಂತ ಕೇಳ್ಲಿಕ್ಕೆ. ಎರಡನೇ ದಿನದಿಂದ ನೀರಿನ ವಿಷಯ ಮರೆತೇ ಹೋಯ್ತು ಅವರಿಗೆ, ಮಗ ಎಲ್ಲಿ, ಮಗ ಎಲ್ಲಿ."

ಅಪಾಯ ಇರಲಿಲ್ಲ ಎಂದು ಖಂಡಿತವಾಗಿ ಹೇಳಲಿಕ್ಕಾದರೂ ಆಗಿದ್ದರೆ! ಮೂರನೆಯ ದಿನ, ಬುಧವಾರ, ದೊಡ್ಡ ಅಲೆಯೊಂದು ಅವನನ್ನು ಬಂಡೆಯ ಹತ್ತಿರ ಒಳಗೆ ಎಳೆದುಕೊಂಡಿತ್ತು. ಬೋರ್ಡಿನಿಂದ ಕಾಲಿಗೆ ಕಟ್ಟಿದ ಹಗ್ಗ ಎಲ್ಲೋ ಸಿಕ್ಕಿ ಬೋರ್ಡು ಒಂದು ಕಡೆ, ಅವನು ಒಂದು ಕಡೆ. ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ. ಕಿವಿಯಲ್ಲಿ ಬರೀ ಗಡಗಡ. ಮಕ್ಕಳಿಗೆ ದಿನಾ ಹೇಳಿಕೊಡುವವನು, ಹೆದರಬೇಡಿ, ಗುಳ್ಳೆ ಹೋಗುವ ಕಡೆ ಮೇಲೆ. ಅಲ್ಲಿ ಗುಳ್ಳೆಗಳು ಎಲ್ಲ ಕಡೆಗೂ ಹೋಗುತ್ತಿದ್ದವು. ಎಷ್ಟು ಹೊತ್ತು? ಹತ್ತು ಸೆಕೆಂಡು ಇರಬಹುದು, ಮೂವತ್ತು ಇರಬಹುದು. ಹಗ್ಗ ಅದಾಗಿಯೇ ಬಿಟ್ಟಿತು, ತಲೆ ಮೇಲೆ ಬಂತು, ಕೆಮ್ಮಿದ, ಜಿತೇಶ ದೂರದಿಂದ ಹೆಬ್ಬೆರಳು ತೋರಿಸಿದ, ಇವನೂ ತೋರಿಸಿದ, ಮುಗಿಯಿತು. ಅಮ್ಮ ಹರಕೆ ಹೇಳಿಕೊಂಡದ್ದೂ ಅದೇ ಬುಧವಾರ, ಮಧ್ಯಾಹ್ನದ ಪೂಜೆಯ ಹೊತ್ತಿಗೆ. ಅಲ್ಲಿಗೂ ಇಲ್ಲಿಗೂ ಒಂದೂವರೆ ಗಂಟೆ ವ್ಯತ್ಯಾಸ. ಅವನು ಎಷ್ಟು ಸಲ ಕೂಡಿಸಿ ಕಳೆದಿದ್ದಾನೆ! ಅವನು ಮುಳುಗಿದ್ದು ಅಲ್ಲಿಯ ಹನ್ನೊಂದಕ್ಕೋ, ಹತ್ತಕ್ಕೋ, ಅಶ್ರಫ್ ಚಹಾ ಮಾಡಿದ ಮೇಲೋ, ಮೊದಲೋ? ಹರಕೆಗೆ ಮೊದಲಾದರೆ ಅವನು ಪಾರಾದದ್ದು ಅವನಷ್ಟಕ್ಕೆ, ಆಮೇಲಾದರೆ ಅಮ್ಮ ಬಿಟ್ಟ ಮೀನಿನಿಂದ. ಇದನ್ನೆಲ್ಲ ನಂಬುವವನೇ ಅಲ್ಲ ಅವನು. ನಂಬದವನು ಯಾಕೆ ಹೀಗೆ ಗಂಟೆ ಎಣಿಸುತ್ತಾನೆ? ಬಂದ ದಿನ ಅಮ್ಮ ತಲೆ ಸವರಿ ಕೇಳಿದ್ದಳು, "ಆ ಹೊತ್ತಿಗೆ ನನ್ನ ನೆನಪಾಯ್ತಾ ಮಗಾ?" ಹ್ಞೂಂ ಎಂದಿದ್ದ. ನೀರಿನೊಳಗೆ ಅವನಿಗೆ ನೆನಪಾದದ್ದು ಈಜುಕೊಳದ ನೀಲಿ ಟೈಲ್ಸು, ಅದರಲ್ಲೊಂದು ಒಡೆದಿತ್ತು, ಅದನ್ನು ಬದಲಾಯಿಸಲು ಹೇಳಬೇಕಿತ್ತು ಎಂದು.

ಹೋದ ವಾರ ಓಣಿಯ ಮೂಲೆಯಲ್ಲಿ ಜಿನಸಿನ ಅಂಗಡಿಯ ನೋಣಯ್ಯಣ್ಣನ ಹತ್ತಿರ, ಬೇರೆ ಯಾರದೋ ವಿಷಯ ಎಂಬಂತೆ ಕೇಳಿದ್ದ. ಹರಕೆ ಹೇಳಿಯಾಯಿತು, ಆಮೇಲೆ ನೋಡಿದರೆ ಹೇಳಿಕೊಂಡ ಕಾರಣವೇ ಸುಳ್ಳು. ಆಗ?

"ಹರಕೆ ಎಂತ ಬಸ್ಸಿನ ಟಿಕೇಟಾ, ಕ್ಯಾನ್ಸಲ್ ಮಾಡ್ಲಿಕ್ಕೆ?" ನೋಣಯ್ಯ ಬೆಲ್ಲ ತೂಗುತ್ತಲೇ ಹೇಳಿದ್ದ. ಆಮೇಲೆ ಸ್ವಲ್ಪ ಯೋಚಿಸಿ, "ಒಂದು ದಾರಿ ಉಂಟು. ದೇವಸ್ಥಾನಕ್ಕೆ ಹೋಗಿ ಭಟ್ರ ಹತ್ರ ಹೇಳಿ ತಪ್ಪುಕಾಣಿಕೆ ಹಾಕಬೇಕು. ಹಾಕಿದರೆ ಬಿಡುಗಡೆ. ಆದರೆ ತಪ್ಪು ಯಾರದ್ದೋ ಅವನೇ ನಿಂತು ಬಾಯಿಬಿಟ್ಟು ಹೇಳಬೇಕು, ಹರಕೆ ಹೇಳಿದವರ ಎದುರಿಗೇ. ಯಾರದ್ದು ವಿಷಯ?"

"ಮೂಡುಬಿದಿರೆಯಲ್ಲಿ ಒಬ್ಬರದ್ದು."

"ಹ್ಞಾಂ," ಎಂದು ನೋಣಯ್ಯ ಅವನನ್ನು ನೋಡಿದ ರೀತಿ! ಅರ್ಧ ಕೆ.ಜಿ. ಬೆಲ್ಲ ತೆಗೆದುಕೊಂಡು ಓಡಿ ಬಂದಿದ್ದ. ಬೆಲ್ಲ ಬೇಕಾಗಿಯೇ ಇರಲಿಲ್ಲ.

ಅಂದರೆ ಅವನೊಬ್ಬ ಬಾಯಿ ಬಿಟ್ಟರೆ ಅಮ್ಮನಿಗೆ ಮೀನು ಸಿಗುತ್ತದೆ. ಲೆಕ್ಕ ಅಷ್ಟು ಸುಲಭ. ಬಾಯಿ ಬಿಟ್ಟರೆ ಇನ್ನೊಂದು ಹೋಗುತ್ತದೆ, ಅದಕ್ಕೆ ಹೆಸರೇನು ಎಂದು ಅವನಿಗೆ ಗೊತ್ತಿಲ್ಲ. ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಫೋನ್ ಒತ್ತುತ್ತಿದ್ದವಳಿಗೆ, ನಾನು ನಿನ್ನ ಕರೆ ನೋಡಿದೆ, ನೋಡಿಯೇ ಫೋನ್ ಬಂದ್ ಮಾಡಿದೆ, ನೀನಿಲ್ಲದ ಆ ನಾಲ್ಕು ದಿನ ನನ್ನ ಜೀವನದಲ್ಲೇ ಚೆಂದದ ದಿನಗಳು ಎಂದು ಹೇಗೆ ಹೇಳುವುದು? ಸುಳ್ಳು ಹೇಳಿದೆ ಎಂದು ಹೇಳಬಹುದು. ನಿಜವಾಗಿ ನಡೆದದ್ದನ್ನು ಹೇಳುವುದೇ ಕಷ್ಟ.

ಜಿತೇಶ ಒಂದು ಗಂಟೆಗೆ ಬೈಕಿನಲ್ಲಿ ಬಂದ, ಮನೆಯ ತೋಟದ ರಂಬುಟಾನಿನ ಒಂದು ಚೀಲ ಹಿಡಿದುಕೊಂಡು. ಅಮ್ಮ ಅವನನ್ನು ಮಣೆಯ ಮೇಲೆ ಕೂರಿಸಿದಂತೆಯೇ ಉಪಚರಿಸಿದಳು, ಮರಳಿನಿಂದ ಎದ್ದು ಬಂದ ಇನ್ನೊಬ್ಬ ಮಗ! ಬಂಗುಡೆ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ. "ಉಪ್ಪು ಸರಿ ಉಂಟಾ?" ಎಂದು ಎರಡು ಸಲ ಕೇಳಿದಳು. ಜಿತೇಶ ಬಾಯಿ ತುಂಬಾ ಇಟ್ಟುಕೊಂಡು ತಲೆಯಾಡಿಸಿದ.

"ಇವನು ಹೆದರಿದ್ದನಾ ಜಿತೇಶಾ, ಗಾಡಿ ಹೂತಾಗ?"

"ಇವನಾ? ಗಾಡಿಗೆ ಹೆದರಲಿಲ್ಲ ಅಮ್ಮಾ, ಒಂಟೆಗೆ ಹೆದರಿದ್ದು. ಒಂಟೆ ಒಂದು ಸಲ ನೋಡಿದ್ದಕ್ಕೆ ಟೆಂಟಿನೊಳಗೆ ಹೋಗಿ ಝಿಪ್ ಹಾಕಿಕೊಂಡ." ಅಮ್ಮ ನಕ್ಕಳು. ಜಿತೇಶನಿಗೆ ಉತ್ಸಾಹ ಬಂತು. "ಆದರೆ ಒಂದು ಹೇಳಬೇಕು ಅಮ್ಮಾ, ನೀರು ಕಡಿಮೆ ಆದಾಗ ತನ್ನ ಪಾಲಿನ ನೀರು ನನಗೆ ಕೊಟ್ಟ ಇವನು."

ಅಮ್ಮ ಶೋಧನನನ್ನೇ ನೋಡುತ್ತಿದ್ದಳು, ಈಜುಕೊಳದಲ್ಲಿ ತಮ್ಮ ಮಗು ಮೊದಲ ಸಲ ಆ ದಡ ಮುಟ್ಟಿದಾಗ ತಾಯಂದಿರು ನೋಡುವ ಹಾಗೆ. ಜಿತೇಶ ಆಗ ಅವಳ ಬಟ್ಟಲು ನೋಡಿದ. "ಇದೆಂತ ಅಮ್ಮಾ, ನಿಮಗೆ ಬರೀ ಹೆಸರುಕಾಳು? ಮೀನು ಎಲ್ಲ ನಮಗೇ ಹಾಕಿದ್ರಾ?"

"ನಾನು ಬಿಟ್ಟಿದ್ದೇನೆ ಮಗಾ. ಪೊಳಲಿಗೆ ಹೇಳಿದ್ದು, ಇನ್ನು ಜನ್ಮ ಇರುವವರೆಗೆ. ನಿನ್ನನ್ನೂ ಸೇರಿಸಿಯೇ ಹೇಳಿದ್ದೇನೆ, ಮೂರು ಮಕ್ಕಳು ಅಂತ. ಅಶ್ರಫನನ್ನೂ." ಹೇಳಿ, ಅವನ ಬಟ್ಟಲಿಗೆ ಇನ್ನೊಂದು ತುಂಡು ಹಾಕಿದಳು. ಜಿತೇಶನ ಕೈ ಅಲ್ಲೇ ನಿಂತಿತು. ಆ ತುಂಡನ್ನು ಅವನು ಮುಗಿಸಿದ್ದು ಹೇಗೆ ಎಂದು ಅವನಿಗೇ ಗೊತ್ತು.

ಕೈ ತೊಳೆದು ಜಗಲಿಗೆ ಬಂದ ಮೇಲೆ ಜಿತೇಶ ಮೆಲ್ಲಗೆ ಹೇಳಿದ, "ನಿನಗೆ ತಲೆ ಸರಿ ಉಂಟಾ? ಹರಕೆಯ ವಿಷಯ ನನಗೆ ಒಂದು ಮಾತು ಹೇಳಲಿಲ್ಲ. ಈಗಲೇ ಹೋಗಿ ಹೇಳು. ಗಾಡಿ ಹೂತದ್ದು ಸುಳ್ಳು, ನೆಟ್‌ವರ್ಕ್ ಇರಲಿಲ್ಲ, ಅಷ್ಟೇ. ಅದು ನಿಜ ಅಲ್ವಾ? ಅಮ್ಮ ಎರಡು ದಿನ ಬೈತಾರೆ, ಮುಗೀತು."

ಶೋಧನ್ ಚಪ್ಪಲಿಗಳನ್ನು ಕಾಲಿನಿಂದಲೇ ಸಾಲಾಗಿ ಇಟ್ಟ.

"ನಿಜ ಅಲ್ವಾ?" ಜಿತೇಶ ಮತ್ತೆ ಕೇಳಿದ.

"ಗುಡ್ಡದಲ್ಲಿ ಎರಡು ಕಡ್ಡಿ ಇತ್ತು."

ಜಿತೇಶ ಎದುರು ಮನೆಯ ಗೋಡೆಯ ಮೇಲೆ ಬೆಕ್ಕೊಂದು ಮೀನಿನ ತಲೆ ಹಿಡಿದು ಹೋಗುವುದನ್ನು ಕೊನೆಯವರೆಗೂ ನೋಡಿದ. "ನನ್ನ ಅಜ್ಜಿ ಆಗ ಆಸ್ಪತ್ರೆಯಲ್ಲಿದ್ದರು," ಎಂದ. "ನಾನು ಹೋಗುವಾಗಲೇ ಜ್ವರ ಇತ್ತು, ನಿನಗೂ ಗೊತ್ತಿತ್ತು. ದಿನಾ ಕೇಳ್ತಿದ್ದೆ ನಿನ್ನ ಹತ್ರ, ಸಿಗ್ನಲ್ ಉಂಟಾ, ಸಿಗ್ನಲ್ ಉಂಟಾ ಅಂತ. ಆ ಗುಡ್ಡ ನಾನೇ ಹತ್ತಬೇಕಿತ್ತು." ಬೈಯಲಿಲ್ಲ, ದನಿ ಎತ್ತಲಿಲ್ಲ, ಹೊಡೆದಿದ್ದರೆ ಒಳ್ಳೆಯದಿತ್ತು. "ನಾನು ನಿನ್ನ ಅಮ್ಮನಿಗೆ ಹೇಳುವುದಿಲ್ಲ. ಹೇಳುವುದಿಲ್ಲ ಅಂತ ನಿನಗೂ ಗೊತ್ತುಂಟು, ಅದೇ ನನಗೆ ಸಿಟ್ಟು. ಹೋಗು, ಒಳಗೆ ಹೋಗು."

ಹೋದ. ಜಗಲಿಯಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ. ಅಮ್ಮಾ, ಒಂದು ವಿಷಯ. ಅಮ್ಮಾ, ನಾನು ಒಂದು ತಪ್ಪು ಮಾಡಿದೆ. ಅಮ್ಮಾ, ಪೊಳಲಿಗೆ ಹೋಗುವ, ತಪ್ಪುಕಾಣಿಕೆ ಹಾಕ್ಲಿಕ್ಕೆ ಉಂಟು. ಮೂರರಲ್ಲಿ ಯಾವುದನ್ನು ಮೊದಲು ಹೇಳುವುದು? ಮೂರನೆಯದೇ ಸುಲಭ, ದೇವರ ಹೆಸರು ಮುಂದೆ ಇರುತ್ತದೆ. ಛೆ, ಇದರಲ್ಲೂ ಸುಲಭದ್ದು ಹುಡುಕುವುದಾ? ಬಾಗಿಲಿನಲ್ಲಿ ನಿಂತಾಗ ಅಮ್ಮ ಅವನಿಗೆ ಅರ್ಧ ಬೆನ್ನು ಹಾಕಿ ನಿಂತಿದ್ದಳು. ಜಿತೇಶನ ಅಜ್ಜಿಗೆ ಕಳಿಸಲು ಉಳಿದ ಮೂರು ಬಂಗುಡೆಗೆ ಮಸಾಲೆ ಸವರುತ್ತಿದ್ದಳು, ಗೀರಿದ ಜಾಗಕ್ಕೆಲ್ಲ ಬೆರಳು ಒತ್ತಿ ಒತ್ತಿ. ಬಾಯಿಯೊಳಗೆ ಯಾವುದೋ ಹಾಡು ಗುನುಗುತ್ತಿದ್ದಳು. ಅವನು ಮೆಲ್ಲಗೆ "ಅಮ್ಮಾ" ಎಂದ, ಗುನುಗಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಅವಳ ಬೆರಳು ಮೀನಿನ ಮೇಲಿಂದ ಎದ್ದು, ನಲವತ್ತು ವರ್ಷದ ರೂಢಿ, ಉಪ್ಪು ನೋಡಲು ಅದರಷ್ಟಕ್ಕೆ ಬಾಯಿಗೆ ಹೋಯಿತು.

ಗುನುಗುವುದು ನಿಂತಿತು. ಬೆರಳು ತುಟಿಯ ಹತ್ತಿರವೇ ಇತ್ತು, ಕೆಂಪು ಮಸಾಲೆ ಅರ್ಧ ಇತ್ತು, ಅರ್ಧ ಇರಲಿಲ್ಲ. ಅವಳು ಅಲುಗಾಡದೆ ನಿಂತಳು, ನುಂಗಿದರೆ ಏನಾಗುತ್ತದೋ ಎಂಬಂತೆ. ಆಮೇಲೆ ತಿರುಗಿ ಅವನನ್ನು ನೋಡಿದಳು. ಆ ಮುಖವನ್ನು ಅವನು ಯಾವತ್ತೂ ನೋಡಿರಲಿಲ್ಲ, ಅಪ್ಪ ಹೋದ ದಿನವೂ ನೋಡಿರಲಿಲ್ಲ. ನಲ್ಲಿಗೆ ಓಡಿ ಉಗುಳಿದಳು, ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು, ಸೆರಗಿನಿಂದ ನಾಲಿಗೆ ಒರೆಸಿಕೊಂಡಳು.

"ಮಗಾ, ನೀನು ಅಲ್ಲೇ ಇದ್ದಿ. ತಾಗಿತಾ? ನಾಲಿಗೆಗೆ ತಾಗಿತಾ?"

"ಅಮ್ಮಾ..."

"ನನಗೆ ಗೊತ್ತಾಗ್ಲಿಲ್ಲ. ಖಾರ ಅಂತ ಅನ್ನಿಸಿತು, ಅದು ಊಟದ್ದೇ ಖಾರ ಇರಬಹುದು ಅಲ್ವಾ? ನೀನು ನೋಡಿದ್ದಿ, ನೀನು ಹೇಳು. ನನಗೆ ಏನಾದರೂ ಆಗಲಿ, ನಿನಗೆ ಆದರೆ? ನಾಳೆ ಮತ್ತೆ ನೀರಿಗೆ ಇಳಿಯುವವನು ನೀನು."

ತಾಗಿತ್ತು. ಅವನು ಕಣ್ಣಾರೆ ನೋಡಿದ್ದ. ಈಗ ಹೇಳಿದರೆ ಎಲ್ಲವೂ ಒಟ್ಟಿಗೆ ಹೇಳಿದಂತಾಗುತ್ತದೆ. ತಾಗಿದರೆ ತಾಗಲಿ ಅಮ್ಮ, ಹರಕೆಯೇ ಇಲ್ಲ, ಅಪಾಯವೇ ಇರಲಿಲ್ಲ, ಆ ತುಂಡು ಹುರಿದು ಈಗಲೇ ತಿನ್ನು. ಬಾಗಿಲು ಇಷ್ಟು ಅಗಲವಾಗಿ ಮತ್ತೆ ತೆರೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳ ಗಲ್ಲದ ಮೇಲೆ ಇಳಿಯುತ್ತಿದ್ದ ನೀರನ್ನು ನೋಡುತ್ತಾ, ಯಾವುದೋ ಗುಡ್ಡದ ಮೇಲೆ ನಿಂತವನ ಹಾಗೆ, "ಇಲ್ಲಮ್ಮ, ತಾಗಲಿಲ್ಲ. ತುಟಿಯ ಹತ್ತಿರ ಬಂತು, ಅಷ್ಟೇ," ಎಂದ.

"ಸರಿ ನೋಡಿದ್ದಿಯಾ?"

"ನೋಡಿದ್ದೇನೆ."

ಅವಳು ಅವನ ಬಲಗೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು. ಕೂದಲು ತೆಳ್ಳಗಾಗಿತ್ತು, ಕೆಳಗಿನ ಬಿಸಿ ಅಂಗೈಗೆ ತಾಗಿತು. ಆ ತಲೆ ಮುಟ್ಟಿ ಸುಳ್ಳು ಹೇಳಿದರೆ ಕೇಡು ಯಾರಿಗೆ ಎಂದು ಈ ಊರಿನಲ್ಲಿ ಮೂರು ವರ್ಷದ ಮಗುವಿಗೂ ಗೊತ್ತು. "ಈಗ ಹೇಳು," ಎಂದಳು.

ಅವನು ಇದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದು ಒಳಗೆ ಒಂದು ಸಲ ಹೇಳಿಕೊಂಡ, ಇನ್ನೊಂದು ಸಲ ಹೇಳಿಕೊಂಡ. ಆಮೇಲೆ, "ತಾಗಲಿಲ್ಲ," ಎಂದ.

ಅಮ್ಮನ ಭುಜಗಳು ಇಳಿದವು. ಒಂದು ದೊಡ್ಡ ಉಸಿರು ಬಿಟ್ಟು, ಕಣ್ಣು ಒರೆಸಿಕೊಂಡು, ನಕ್ಕಳು. ಕಾವಲಿಗೆ ಎಣ್ಣೆ ಹಾಕಲು ತಿರುಗಬೇಕು, ಆದರೆ ತಿರುಗಲಿಕ್ಕಾಗುತ್ತಿಲ್ಲ, ಅವನ ಕೈ ಇನ್ನೂ ಅಲ್ಲೇ ಇದೆ. ಎತ್ತಿದರೆ ಹೇಳಿದ ಮಾತು ಅವಳ ತಲೆಯ ಮೇಲೆಯೇ ಉಳಿದುಬಿಡುತ್ತದೆ ಎಂದು ಅವನಿಗೆ ಅನ್ನಿಸುತ್ತಿದೆ. ಎತ್ತದೆ ಎಷ್ಟು ಹೊತ್ತು ನಿಲ್ಲುವುದು? "ಬಿಡು ಮಗಾ, ಕಾವಲಿ ಕಾಯ್ತಾ ಉಂಟು," ಎನ್ನುತ್ತಿದ್ದಾಳೆ ಅವಳು. ಪೂರ್ತಿ ಕೇಳಿದಿರಲ್ಲ, ಈಗ ಹೇಳಿ, ಆ ಕೈ ನಿಮ್ಮದಾಗಿದ್ದು, ಅದರ ಕೆಳಗೆ ನಿಮ್ಮ ಅಮ್ಮನ ತಲೆ ಇದ್ದಿದ್ದರೆ, ನೀವು ಏನು ಹೇಳುತ್ತಿದ್ದಿರಿ?